ಬಾಣ ಈಗ ಎತ್ತ ತಿರುಗಿದೆ?

ಮುಂಬಯಿಗೆ ಹೊಸದಾಗಿ ಬಂದವರಿಗೆ ನಾವು ಮೊದಲು ಕಲಿಸುವುದು ಈಸ್ಟು, ವೆಸ್ಟು. ಲೋಕಲ್ ಹಳಿ ಉಪನಗರಗಳನ್ನು ಹೆಚ್ಚುಕಮ್ಮಿ ಉತ್ತರ-ದಕ್ಷಿಣವಾಗಿ ಸೀಳಿಕೊಂಡು ಹೋಗುವುದರಿಂದ ಅಂಧೇರಿ, ಬೊರಿವಿಲಿ, ಮುಲುಂಡ್ ಎಲ್ಲಕ್ಕೂ ಎರಡು ಮಗ್ಗುಲು. ಸ್ಟೇಷನ್ ಬ್ರಿಜ್ಜಿನ ಮೇಲೆ ಜನ ಹಿಂದಿನಿಂದ ನೂಕುತ್ತಿರುವಾಗ ಮೊಬೈಲಿನ ಬಾಣ ನೋಡಿ ಇಳಿಯುವವರುಂಟು. ಬಾಣ ಉಲ್ಟಾ ಆದರೆ ಮತ್ತೆ ಅಷ್ಟೂ ಮೆಟ್ಟಿಲು ಹತ್ತಬೇಕು. ಊರಿಂದ ಬಂದ ಮಂಡಿನೋವಿನ ಅತ್ತೆ ಜೊತೆಗಿದ್ದರೆ ಅದು ಸಣ್ಣ ಮಾತಲ್ಲ.

ಇಂಥ ಬಾಣಗಳನ್ನು ಆಡಿಸುವ ನಮ್ಮಂಥವರಿಗೆ ಎದುರಾಗುವ ಪ್ರಶ್ನೆ: ಪರದೆಯ ಮೇಲಿನ ಬಾಣ ಈ ಕ್ಷಣ ಎಷ್ಟು ಡಿಗ್ರಿ ತಿರುಗಿದೆ? ತಿರುಗಿಸಿದವರು ನೀವೇ, ನಿಮಗೇ ಗೊತ್ತಿರಬೇಡವೇ ಎನ್ನಬಹುದು. ಆಂಡ್ರಾಯ್ಡಿನಲ್ಲಿ ಬಹುಮಟ್ಟಿಗೆ ಸುಲಭ. ಗೆಟ್‌ರೊಟೇಶನ್ ಎಂದು ಕೇಳಿದರೆ ಡಿಗ್ರಿ ಸಿಗುತ್ತದೆ. (ಹಳೆಯ ರೊಟೇಟ್ ಆನಿಮೇಶನ್ ಬಳಸಿದ್ದರೆ ಮಾತ್ರ, ಬಾಣ ಕಣ್ಣೆದುರು ಗಿರಗಿರ ತಿರುಗುತ್ತಿದ್ದರೂ ಉತ್ತರ ಸೊನ್ನೆ. ಅದು ಬಿಡಿಸುವ ಚಿತ್ರವನ್ನಷ್ಟೇ ತಿರುಗಿಸುತ್ತದೆ.)

ಐಫೋನಿನಲ್ಲಿ ಸಿಗುವುದು ಕೋನವಲ್ಲ, ಆರು ಅಂಕಿಗಳ ಮ್ಯಾಟ್ರಿಕ್ಸ್. ತಿರುಗಿದ್ದು ಮಾತ್ರವಾದರೆ ಅದರ ಎ ಎಂಬುದು ಕೋನದ ಕೊಸೈನ್, ಬಿ ಎಂಬುದು ಸೈನ್. ಹೈಸ್ಕೂಲಿನ ತ್ರಿಕೋನಮಿತಿ ನೆನಪಿದ್ದವರು ಬಿಯನ್ನು ಎಯಿಂದ ಭಾಗಿಸಿ ಟ್ಯಾನ್‌ನಿಂದ ಕೋನ ಹುಡುಕುತ್ತಾರೆ. ಅಲ್ಲೇ ಎಡವಟ್ಟು. 60 ಡಿಗ್ರಿಗೂ 240 ಡಿಗ್ರಿಗೂ ಟ್ಯಾನ್ ಒಂದೇ, ಸುಮಾರು 1.732. ಎರಡೂ ಅಂಕಿ ಮೈನಸ್ ಆಗಿದ್ದರೆ ಭಾಗಾಕಾರ ಆ ಮೈನಸ್‌ಗಳನ್ನು ನುಂಗಿಬಿಡುತ್ತದೆ. ಈಸ್ಟು ವೆಸ್ಟಾಯಿತು! ಅದಕ್ಕೇ ಏಟ್ಯಾನ್2 ಇರುವುದು. ಅದಕ್ಕೆ ಬಿ, ಎ ಎರಡನ್ನೂ ಬೇರೆಬೇರೆಯಾಗಿ ಕೊಡಬೇಕು. ಬರುವುದು ರೇಡಿಯನ್, 57.3ರಿಂದ ಗುಣಿಸಿದರೆ ಡಿಗ್ರಿ.

ಇಷ್ಟಾದರೂ ಬಾಣ ಚಲನೆಯಲ್ಲಿರುವಾಗ ಕೇಳಿದರೆ ಸಿಗುವುದು ಅದು ತಲುಪಬೇಕಾದ ಕೋನ. ಗಾಡಿ ಇನ್ನೂ ದಾದರಿನಲ್ಲಿ ನಿಂತಿದ್ದರೂ ಮುಂದಿನ ಬೋರ್ಡಿನಲ್ಲಿ ಚರ್ಚ್‌ಗೇಟ್ ಎಂದೇ ಇರುತ್ತದಲ್ಲ, ಹಾಗೆ. ಈಗ ಕಣ್ಣಿಗೆ ಕಾಣುತ್ತಿರುವ ಕೋನ ಬೇಕಾದರೆ ಪ್ರೆಸೆಂಟೇಶನ್ ಲೇಯರನ್ನು ಕೇಳಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಬ್ಬಿಣದ ಬ್ರಿಜ್ಜಿನ ಮೇಲೆ ಫೋನಿನ ಕಾಂತಸಂವೇದಕ ಗಲಿಬಿಲಿಗೊಳ್ಳುತ್ತದೆ. ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಆದೇಶ ಬರುತ್ತದೆ. ಆಗ ತಲುಪಬೇಕಾದ ಕೋನದಿಂದ ಲೆಕ್ಕ ಶುರುಮಾಡಿದರೆ ಬಾಣ ಜಿಗಿಯುತ್ತದೆ.

ಕೊನೆಯ ತೊಡಕು ಉತ್ತರ ದಿಕ್ಕಿನದು. 350ರಿಂದ 10ಕ್ಕೆ ಹೋಗಲು 20 ಡಿಗ್ರಿ ಸಾಕು. ಬರೀ ಕಳೆದರೆ ಮೈನಸ್ 340. ಆ ವ್ಯತ್ಯಾಸಕ್ಕೆ 540 ಕೂಡಿಸಿ, 360ರಿಂದ ಭಾಗಿಸಿ ಉಳಿದ ಶೇಷದಲ್ಲಿ 180 ಕಳೆಯಿರಿ: 20 ಬರುತ್ತದೆ. ಪರೀಕ್ಷೆಗೆ ಉತ್ತರಕ್ಕೆ ಮುಖಮಾಡಿ ನಿಂತು ಫೋನನ್ನು ಎಡಕ್ಕೆ ಬಲಕ್ಕೆ ಸ್ವಲ್ಪವೇ ಆಡಿಸಿ. ಬಾಣ ಪೂರ್ತಿ ಸುತ್ತು ಹಾಕಿತೋ, ನಿಮ್ಮ ಆ್ಯಪಿನಲ್ಲಿ ಈ ಲೆಕ್ಕ ಇನ್ನೂ ಸೇರಿಲ್ಲ.