ಲಾಗಿನ್ ಸಾಹೇಬರದು, ಕೇಸು ಆಪರೇಟರ್ ಮೇಲೆ

ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಗಳನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸದಲ್ಲ. ಅಧಿಕಾರಿಯ ಹೆಸರಿನ ಲಾಗಿನ್ ತೆರೆದು ಕೂತಿರುವವನು ಬಹಳ ಸಲ ಅಧಿಕಾರಿಯಲ್ಲ, ಹೊರಗುತ್ತಿಗೆ ಆಪರೇಟರ್. ಪಾಸ್‌ವರ್ಡ್ ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ, ಇಲ್ಲವೇ ಕೀಬೋರ್ಡ್ ಪಕ್ಕದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ. ಒಟಿಪಿ ಬೇಕಾದರೆ ಸಾಹೇಬರಿಗೆ ಫೋನು. ಸಾಹೇಬರು ಮೀಟಿಂಗಿನಲ್ಲಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಥಂಬ್ ಬೇಕಾದರೆ ಸಂಜೆ ಬಂದು ಎಲ್ಲಕ್ಕೂ ಒಟ್ಟಿಗೆ ಒತ್ತಿ ಹೋಗುತ್ತಾರೆ. ಪಹಣಿ ತಿದ್ದುಪಡಿ, ಪಿಂಚಣಿ, ಜಾತಿ ಆದಾಯ ಪ್ರಮಾಣಪತ್ರ, ಬೆಳೆ ಪರಿಹಾರ, ಹೀಗೆ ಜನರ ಕೆಲಸ ಸಾಗುತ್ತಿರುವಷ್ಟು ದಿನ ಯಾರೂ ಅದನ್ನು ಅಕ್ರಮ ಪ್ರವೇಶ ಎನ್ನುವುದಿಲ್ಲ. ಒಂದು ಖಾತೆ ಅದಲುಬದಲಾದರೆ, ಒಬ್ಬರ ಪರಿಹಾರದ ಹಣ ಇನ್ನೊಬ್ಬರಿಗೆ ಜಮೆಯಾದರೆ, ಅಂದೇ ಅದು ‘ಹ್ಯಾಕಿಂಗ್’ ಆಗುತ್ತದೆ. ಲಾಗಿನ್ ಕೊಟ್ಟವರೇ ದೂರುದಾರರು. ಏಜೆನ್ಸಿ ಸಂಬಳ ಯಾವಾಗ ಹಾಕುತ್ತದೋ ಎಂದು ಕಾಯುತ್ತಿದ್ದ ಹುಡುಗ ಆರೋಪಿ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಹೀಗೆ ಸಿಕ್ಕಿಬಿದ್ದವನ ಪರವಾಗಿ ನಿಲ್ಲುವವರು ಯಾರು? ಕಾನೂನಿನಲ್ಲಿ ಅವನಿಗೆ ರಕ್ಷಣೆ ಇದೆ, ಗಟ್ಟಿಯಾಗಿಯೇ ಇದೆ. ಅದನ್ನು ತಾಲ್ಲೂಕು ಕೋರ್ಟಿನ ಕಟಕಟೆಯವರೆಗೆ ತಂದು ಮುಟ್ಟಿಸುವ ಏರ್ಪಾಡನ್ನು ನಾವು ಮಾಡಿಕೊಂಡಿಲ್ಲ. ನನ್ನ ತಕರಾರು ಇದೇ.

ಮಾಹಿತಿ ತಂತ್ರಜ್ಞಾನ ಕಾಯ್ದೆ ಏನು ಹೇಳುತ್ತದೆ ನೋಡಿ. ಕಂಪ್ಯೂಟರಿನ ಮಾಲೀಕರ ಅಥವಾ ಅದರ ಉಸ್ತುವಾರಿ ಹೊತ್ತವರ ಅನುಮತಿ ಇಲ್ಲದೆ ಒಳಹೊಕ್ಕರೆ, ದತ್ತಾಂಶ ನಕಲು ಮಾಡಿದರೆ, ಅಳಿಸಿದರೆ 43ನೇ ಸೆಕ್ಷನ್ ಅನ್ವಯಿಸುತ್ತದೆ. ಅದಕ್ಕೆ ಜೈಲಿಲ್ಲ, ನಷ್ಟಪರಿಹಾರ ಮಾತ್ರ. ಅದನ್ನು ತೀರ್ಮಾನಿಸುವವರು ಪೊಲೀಸರಲ್ಲ, ನ್ಯಾಯನಿರ್ಣಯ ಅಧಿಕಾರಿಯಾಗಿರುವ ರಾಜ್ಯದ ಐ.ಟಿ. ಕಾರ್ಯದರ್ಶಿ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದ್ದರೆ ಮಾತ್ರ 66ನೇ ಸೆಕ್ಷನ್: ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿದ್ದಕ್ಕೆ ಹಾಕುವ 66ಸಿ ಸೆಕ್ಷನ್‌ನಲ್ಲೂ ಇದೇ ಷರತ್ತಿದೆ. ಅಂದರೆ ಪ್ರಾಸಿಕ್ಯೂಷನ್ ಎರಡು ಸಂಗತಿ ಸಾಬೀತು ಮಾಡಬೇಕು. ಅನುಮತಿ ಇರಲಿಲ್ಲ ಎಂಬುದು ಒಂದು, ಮನಸ್ಸಿನಲ್ಲಿ ಮೋಸವಿತ್ತು ಎಂಬುದು ಇನ್ನೊಂದು. ಉಸ್ತುವಾರಿ ಹೊತ್ತ ಅಧಿಕಾರಿಯೇ ಪಾಸ್‌ವರ್ಡ್ ಹೇಳಿ, ಒಟಿಪಿ ಕಳಿಸಿ, ‘ಇವತ್ತೇ ಎಂಟ್ರಿ ಮುಗಿಸಪ್ಪ’ ಎಂದಿದ್ದರೆ ಅನುಮತಿ ಇರಲಿಲ್ಲ ಎನ್ನುವುದು ಹೇಗೆ? ಪಾಸ್‌ವರ್ಡ್ ಹಂಚುವ ಅಧಿಕಾರ ಅವರಿಗೆ ಇರಲಿಲ್ಲ ಎನ್ನುವುದಾದರೆ ಆ ತಪ್ಪಿಗೆ ಉತ್ತರ ಕೊಡಬೇಕಾದವರು ಅವರು. ಒಟಿಪಿ ಬಂದ ವಾಟ್ಸ್‌ಆ್ಯಪ್ ಸಂದೇಶವೇ ಆ ಹುಡುಗನ ದೊಡ್ಡ ಸಾಕ್ಷಿ. ಆದರೆ ಅವನ ಫೋನು ಮೊದಲ ದಿನವೇ ಜಪ್ತಿಯಾಗಿರುತ್ತದೆ.

ಜಾಮೀನಿನ ವಿಷಯಕ್ಕೆ ಬರೋಣ. ಮೂರು ವರ್ಷದ ಶಿಕ್ಷೆ ಇರುವ ಅಪರಾಧಗಳಿಗೆ ಜಾಮೀನು ಕೊಡಲೇಬೇಕು ಎಂದು ಇದೇ ಕಾಯ್ದೆಯ 77ಬಿ ಸೆಕ್ಷನ್ ಹೇಳುತ್ತದೆ. ಹಾಗಾಗಿ 66 ಒಂದನ್ನೇ ಹಾಕಿದರೆ ಠಾಣೆಯಲ್ಲೇ ಜಾಮೀನು. ಎಫ್‌ಐಆರ್‌ನಲ್ಲಿ ಹಳೆಯ 420ರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 318(4) ಸೇರಿತೆಂದರೆ ಲೆಕ್ಕಾಚಾರವೇ ಬೇರೆ. ಶಿಕ್ಷೆ ಏಳು ವರ್ಷಕ್ಕೆ ಏರುತ್ತದೆ, ಜಾಮೀನು ಕೋರ್ಟಿನ ವಿವೇಚನೆಗೆ ಬೀಳುತ್ತದೆ. ಐ.ಟಿ. ಕಾಯ್ದೆಯಡಿ ಬರುವ ಅದೇ ಕೃತ್ಯಕ್ಕೆ ದಂಡ ಸಂಹಿತೆಯ ಸೆಕ್ಷನ್‌ಗಳನ್ನೂ ಜೋಡಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2018ರಲ್ಲಿ ಗಗನ್ ಹರ್ಷ ಶರ್ಮಾ ಪ್ರಕರಣದಲ್ಲಿ ಹೇಳಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಜಾಮೀನು ಅರ್ಜಿಯಲ್ಲಿ ಅದನ್ನು ಎತ್ತಿ ವಾದಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ವಾದಿಸಬೇಕು, ಅಷ್ಟೆ.

ಇನ್ನು ಸಾಕ್ಷ್ಯದ ಮಾತು. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ ನಡೆದ ಕಳವು ಈ ಭಾಗದ ಜನರಿಗೆ ಚೆನ್ನಾಗಿ ನೆನಪಿದೆ. 17 ಕೆ.ಜಿ.ಗೂ ಹೆಚ್ಚು ಚಿನ್ನ ಹೋಗಿತ್ತು. ಕಳ್ಳರು ಸಿಸಿಟಿವಿಯ ಡಿವಿಆರ್ ಅನ್ನೂ ಹೊತ್ತೊಯ್ದು, ಖಾರದ ಪುಡಿ ಎರಚಿ ಹೋಗಿದ್ದರು. ಪೊಲೀಸರು ತಿಂಗಳುಗಟ್ಟಲೆ ಬೆನ್ನುಹತ್ತಿ, 2025ರಲ್ಲಿ ತಮಿಳುನಾಡಿನ ಬಾವಿಯೊಂದರಿಂದ ಚಿನ್ನ ಮೇಲೆತ್ತಿದರು. ಮೆಚ್ಚಬೇಕಾದ ತನಿಖೆ ಅದು. ಆ ಚಿನ್ನವನ್ನು ಯಾರು ಬೇಕಾದರೂ ಕಣ್ಣಿನಿಂದ ನೋಡಬಹುದು, ತೂಕಕ್ಕೆ ಹಾಕಬಹುದು, ಗಿರವಿ ಇಟ್ಟವರು ತಮ್ಮದೆಂದು ಗುರುತಿಸಬಹುದು. ಅಕ್ರಮ ಪ್ರವೇಶದ ಪ್ರಕರಣದಲ್ಲಿ ಕೈಗೆ ಸಿಗುವುದು ಸರ್ವರ್‌ನ ಲಾಗ್‌ನಲ್ಲಿರುವ ಒಂದು ಸಾಲು: ಒಂದು ಯೂಸರ್ ಐಡಿ, ಒಂದು ಐಪಿ ವಿಳಾಸ, ಒಂದು ಸಮಯ. ಆ ಐಡಿಯನ್ನು ಎಷ್ಟು ಜನ ಬಳಸುತ್ತಿದ್ದರು ಎಂದು ಆ ಸಾಲು ಹೇಳುವುದಿಲ್ಲ. ಕಚೇರಿಯ ಎಲ್ಲ ಕಂಪ್ಯೂಟರ್‌ಗಳೂ ಹೊರಗಿನವರಿಗೆ ಒಂದೇ ಐಪಿಯಾಗಿ ಕಾಣಬಹುದು. ಮೊಬೈಲ್ ಇಂಟರ್‌ನೆಟ್ ಆದರೆ ಒಂದೇ ಐಪಿಯನ್ನು ಏಕಕಾಲಕ್ಕೆ ನೂರಾರು ಗ್ರಾಹಕರು ಹಂಚಿಕೊಂಡಿರಬಹುದು. ಪೋರ್ಟ್ ಸಂಖ್ಯೆ ಇಲ್ಲದೆ ಯಾರೆಂದು ಹೇಳಲಾಗದು. ಕೆಲವು ಸರ್ವರ್‌ಗಳ ಗಡಿಯಾರ ನಮ್ಮ ಸಮಯದಲ್ಲಿರುವುದಿಲ್ಲ. ಲಾಗ್‌ನಲ್ಲಿ 11.45 ಎಂದಿದ್ದು, ಅದು ಯುಟಿಸಿ ಆಗಿದ್ದರೆ, ಭಾರತದಲ್ಲಿ ಆಗ ಸಂಜೆ 5.15. ಬೆಳಗ್ಗೆ ಆ ಕುರ್ಚಿಯಲ್ಲಿ ಕೂತವನು ಸಂಜೆ ಬಸ್ ಸ್ಟ್ಯಾಂಡಿನಲ್ಲಿರಬಹುದು.

ಇದು ಬರೀ ತರ್ಕವಲ್ಲ. 2007ರ ಆಗಸ್ಟಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಪುಣೆ ಪೊಲೀಸರು ಮನೆಯಿಂದ ಕರೆದೊಯ್ದರು. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿ ಮಹಾರಾಜರಿಗೆ ಅವಮಾನ ಮಾಡಿದ್ದಾರೆ ಎಂಬ ಆರೋಪ. ಇಂಟರ್‌ನೆಟ್ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಅವರು ಯೆರವಾಡ ಜೈಲಿನಲ್ಲಿ 50 ದಿನ ಕಳೆದರು. ಓದುಬರಹ ಬಲ್ಲ, ರಾಜಧಾನಿಯಲ್ಲಿದ್ದ ಉದ್ಯೋಗಸ್ಥರ ಪಾಡೇ ಇದಾದರೆ ಜಗಳೂರಿನ ಆಪರೇಟರ್ ಯಾವ ಲೆಕ್ಕ?

ಜಪ್ತಿಯ ರೀತಿ ನೋಡಿದರೆ ಇನ್ನೂ ಸಂಕಟವಾಗುತ್ತದೆ. ಸಿಪಿಯು ಅನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಸೀಲು ಒತ್ತಿ, ಪಂಚರ ಸಹಿ ಹಾಕಿಸುವುದು ನಮ್ಮ ಹಳೆಯ ಪದ್ಧತಿ. ಮಹಜರಿನಲ್ಲಿ ‘ಕಪ್ಪು ಬಣ್ಣದ ಒಂದು ಸಿಪಿಯು, ಒಂದು ಮೊಬೈಲ್’ ಎಂದಷ್ಟೇ ಬರೆದರೆ ಹೊರಗಿನ ಡಬ್ಬಕ್ಕೆ ಸೀಲಾಯಿತು, ಒಳಗಿನ ದತ್ತಾಂಶಕ್ಕಲ್ಲ. ಸೀಲು ಹಾಕುವ ಮೊದಲು ಯಾರಾದರೂ ಅದನ್ನು ಆನ್ ಮಾಡಿ ಫೈಲು ತೆರೆದಿದ್ದರೆ ದಿನಾಂಕಗಳೇ ಬದಲಾಗುತ್ತವೆ. ಹಾರ್ಡ್ ಡಿಸ್ಕಿನ ಹ್ಯಾಶ್ ಸಂಖ್ಯೆಯನ್ನು ಅಲ್ಲೇ ದಾಖಲಿಸಿದ್ದರೆ ಒಂದು ಅಕ್ಷರ ಬದಲಾದರೂ ಗೊತ್ತಾಗುತ್ತದೆ. 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದ ತೀರ್ಪಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಈ ಬಗ್ಗೆ ವಿವರವಾದ ಮಾರ್ಗಸೂಚಿ ಕೊಟ್ಟಿದ್ದಾರೆ. ಶೋಧದ ತಂಡದ ಜೊತೆ ಅರ್ಹ ಫೊರೆನ್ಸಿಕ್ ಪರಿಣತರಿರಬೇಕು, ತನಿಖಾಧಿಕಾರಿ ಆ ಕಂಪ್ಯೂಟರನ್ನು ತಾವೇ ಬಳಸಿ ಹುಡುಕಬಾರದು, ಆನ್ ಇದ್ದರೆ ಪರದೆಯ ಫೋಟೊ ತೆಗೆಯಬೇಕು, ಮೊಬೈಲನ್ನು ಸಿಗ್ನಲ್ ತಲುಪದ ಚೀಲದಲ್ಲಿಡಬೇಕು. ಪಾಸ್‌ವರ್ಡ್ ಕೊಡಲು ಆರೋಪಿ ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆ ಇರಬೇಕು, ಪರಿಣತರ ಸಹಿಯೂ ಬೇಕು. ಶೋಧ ಮತ್ತು ಜಪ್ತಿಯ ವಿಡಿಯೊ ಕಡ್ಡಾಯ ಎಂದು ನಾಗರಿಕ ಸುರಕ್ಷಾ ಸಂಹಿತೆಯ 105 ಹೇಳುತ್ತದೆ. ಐ.ಟಿ. ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂಬುದು 78ನೇ ಸೆಕ್ಷನ್. ಇವು ತಾಂತ್ರಿಕ ನೆಪಗಳಲ್ಲ, ಸಾಕ್ಷ್ಯವನ್ನು ನಂಬಬಹುದೋ ಇಲ್ಲವೋ ಎಂದು ನೋಡುವ ದಾರಿಯೇ ಇವು.

‘ಜನ ಆನ್‌ಲೈನ್ ಮೋಸಕ್ಕೆ ಸಿಕ್ಕಿ ಜೀವಮಾನದ ದುಡಿಮೆ ಕಳೆದುಕೊಳ್ಳುತ್ತಿರುವಾಗ ನೀವು ಕಳ್ಳರ ಪರ ವಕಾಲತ್ತು ಹಾಕುತ್ತೀರಾ’ ಎಂದು ಕೇಳುವವರಿದ್ದಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಅಡಿಕೆ ಮಾರಿದ ದುಡ್ಡು ಒಂದು ಫೋನ್ ಕರೆಗೆ ಹೋದ ಮನೆಯ ಕಣ್ಣೀರು ಸಣ್ಣದಲ್ಲ. ಆದರೆ ಹ್ಯಾಕಿಂಗ್ ಆರೋಪಿ ಶ್ರೀಕಿಯ ಪ್ರಕರಣ ಏನಾಯಿತು ನೋಡಿ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ 11 ಕೋಟಿಗೂ ಹೆಚ್ಚು ಹಣ ಹೋಯಿತು. 2020ರಲ್ಲಿ ಅವನ ಬಂಧನವಾಯಿತು. ಬಿಟ್‌ಕಾಯಿನ್ ಹಗರಣ ಎಂದು ಸದನದಲ್ಲಿ ಗದ್ದಲವೆದ್ದಿತು. 2023ರಲ್ಲಿ ಎಸ್‌ಐಟಿ ರಚನೆಯಾಯಿತು. 2024ರ ಜನವರಿಯಲ್ಲಿ ಆ ಎಸ್‌ಐಟಿ ಬಂಧಿಸಿದ್ದು, ಮೊದಲ ತನಿಖೆಯಲ್ಲಿದ್ದ ಸಿಸಿಬಿ ಇನ್‌ಸ್ಪೆಕ್ಟರನ್ನು ಮತ್ತು ಅವರಿಗೆ ನೆರವಾಗಿದ್ದ ಖಾಸಗಿ ಸೈಬರ್ ತಜ್ಞನನ್ನು. ಆರೋಪ, ಡಿಜಿಟಲ್ ಸಾಕ್ಷ್ಯ ತಿದ್ದಿದ್ದು. ಸಾಕ್ಷ್ಯ ಕೆಟ್ಟರೆ ನಿರಪರಾಧಿ ಸಿಕ್ಕಿಬೀಳುತ್ತಾನೆ, ಅಪರಾಧಿ ಕೈತಪ್ಪುತ್ತಾನೆ, ಹಣ ಕಳೆದುಕೊಂಡವರಿಗೆ ಹಣವೂ ಸಿಗುವುದಿಲ್ಲ. ಒಳ್ಳೆಯ ಡಿಫೆನ್ಸ್ ವಕೀಲರಿರುವ ಕಡೆ ಪೊಲೀಸರು ಮಹಜರನ್ನು ಎಚ್ಚರಿಕೆಯಿಂದ ಬರೆಯುತ್ತಾರೆ. ಅದರಿಂದ ದೂರುದಾರರಿಗೂ ಲಾಭ.

ಲೋಪ ತೋರಿಸಿದವರನ್ನೇ ಹೆದರಿಸುವ ಚಾಳಿ ಇನ್ನೊಂದು. 2015ರಲ್ಲಿ ಬೆಂಗಳೂರಿನ ತೇಜೇಶ್ ಜಿ.ಎನ್. ಅವರು ಏರ್‌ಟೆಲ್ 3ಜಿ ಜಾಲದಲ್ಲಿ ಬಳಕೆದಾರರು ನೋಡುವ ಪುಟಗಳಿಗೆ ಅವರಿಗೇ ತಿಳಿಯದಂತೆ ಕೋಡ್ ಸೇರಿಸಲಾಗುತ್ತಿದೆ ಎಂದು ಬಹಿರಂಗ ಮಾಡಿದರು. ಅವರಿಗೆ ಸಿಕ್ಕಿದ್ದು ಐ.ಟಿ. ಕಾಯ್ದೆಯನ್ನು ಉಲ್ಲೇಖಿಸಿದ ವಿದೇಶಿ ಕಂಪನಿಯ ಲೀಗಲ್ ನೋಟಿಸು. ಅಮೆರಿಕದಲ್ಲೂ ಇಂಥ ಕಾನೂನು ಕಠಿಣವೇ. ಆದರೂ ಅಲ್ಲಿನ ಸುಪ್ರೀಂ ಕೋರ್ಟ್ 2021ರ ವ್ಯಾನ್ ಬ್ಯೂರನ್ ತೀರ್ಪಿನಲ್ಲಿ, ತನಗೆ ಪ್ರವೇಶವಿರುವ ದತ್ತಾಂಶವನ್ನು ಕೆಟ್ಟ ಉದ್ದೇಶಕ್ಕೆ ನೋಡಿದ ಮಾತ್ರಕ್ಕೆ ಅದು ಹ್ಯಾಕಿಂಗ್ ಕಾನೂನಿನ ಅಪರಾಧವಾಗದು ಎಂದಿತು. ಆ ಆರೋಪಿ ದುಡ್ಡು ಪಡೆದು ವಾಹನ ನೋಂದಣಿ ವಿವರ ಹುಡುಕಿದ್ದ ಪೊಲೀಸ್ ಅಧಿಕಾರಿ. ಅವನು ಮಾಡಿದ್ದು ತಪ್ಪಲ್ಲ ಎಂದು ಕೋರ್ಟ್ ಹೇಳಲಿಲ್ಲ. ಆ ತಪ್ಪಿಗೆ ಈ ಕಾನೂನಲ್ಲ ಎಂದಿತು.

ಈಗ ಆಗಬೇಕಾದ್ದು ಕಷ್ಟದ ಕೆಲಸವೇನಲ್ಲ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅದು 1987ರ ಕಾಯ್ದೆ ಕೊಟ್ಟ ಹಕ್ಕು. ದಾವಣಗೆರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಡಿಜಿಟಲ್ ಸಾಕ್ಷ್ಯ ಬಲ್ಲ ಇಬ್ಬರು ಮೂವರು ವಕೀಲರನ್ನಾದರೂ ಇದಕ್ಕೆಂದೇ ಗೊತ್ತುಮಾಡಲಿ. ಪ್ರಾಸಿಕ್ಯೂಷನ್ ಪರ ಸರ್ಕಾರಿ ಪ್ರಯೋಗಾಲಯವಿರುವಾಗ, ಬಡ ಆರೋಪಿಯ ಪರವಾಗಿ ಆ ವರದಿ ಓದಿ ಹೇಳುವ ಪರಿಣತರ ಶುಲ್ಕವನ್ನೂ ಪ್ರಾಧಿಕಾರವೇ ಭರಿಸಲಿ. ಚನ್ನಗಿರಿ, ಹೊನ್ನಾಳಿ, ಜಗಳೂರಿನ ವಕೀಲರ ಸಂಘಗಳು ವೀರೇಂದ್ರ ಖನ್ನಾ ತೀರ್ಪನ್ನು ಮುಂದಿಟ್ಟುಕೊಂಡು ಒಂದು ಶನಿವಾರ ಕಾರ್ಯಾಗಾರ ನಡೆಸಲಿ. ಇಲಾಖೆಗಳು ಯಾರ ಲಾಗಿನ್ ಅನ್ನು ಯಾರು ಬಳಸುತ್ತಿದ್ದಾರೆ ಎಂದು ಲಿಖಿತವಾಗಿ ಒಪ್ಪಿಕೊಂಡು, ಆಪರೇಟರ್‌ಗಳಿಗೆ ಅವರದೇ ಹೆಸರಿನ ಐಡಿ ಕೊಡಲಿ.

ಇಂದು ಇನ್ನೊಬ್ಬರ ಲಾಗಿನ್‌ನಲ್ಲಿ ಕೂತಿರುವ ಆಪರೇಟರ್‌ಗಳಿಗೆ ಒಂದು ಮಾತು. ಕೆಲಸ ಒಪ್ಪಿಸಿದ ಆದೇಶವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಒಟಿಪಿ ಕಳಿಸಿದ ಸಂದೇಶಗಳನ್ನು ಅಳಿಸಬೇಡಿ. ಠಾಣೆಗೆ ಕರೆದರೆ ನೋಟಿಸು ಕೇಳಿ. ಬಂಧಿಸಿದರೆ, ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ನಿಮಗಿದೆ. ವಕೀಲರು ಬರುವವರೆಗೆ ಯಾವ ಹೇಳಿಕೆಗೂ ಸಹಿ ಹಾಕಬೇಡಿ.