ನ್ಯಾಯಾಧೀಶರ ಸಂಬಳ: ಆಯೋಗವೊಂದೇ ಸಾಲದು, ವೇಳಾಪಟ್ಟಿಯೂ ಬೇಕು

ಖಸಬ್‌ನಲ್ಲಿ ಕುಳಿತು ದಿನವೂ ರಿಯಾಲ್ ದರ ನೋಡುವ ನನ್ನಂಥವನಿಗೆ ಜಡ್ಜ್‌ಗಳ ಸಂಬಳದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಊರಿನಲ್ಲಿ ಸೈಟೋ ತೋಟವೋ ಇರುವ ಎಲ್ಲ ಅನಿವಾಸಿಗಳಿಗೂ ಇದು ಸಂಬಂಧಿಸಿದ್ದು. ನಾಳೆ ಭೂಸ್ವಾಧೀನದ ಪರಿಹಾರಕ್ಕೆ ಕೋರ್ಟಿಗೆ ಹೋದರೆ ಎದುರು ಪಕ್ಷ ಸರ್ಕಾರವೇ. ತೀರ್ಪು ಕೊಡುವವರ ಸಂಬಳವೂ ಅದೇ ಸರ್ಕಾರದ ಮರ್ಜಿಯಲ್ಲಿದ್ದರೆ?

ಒಂದು ಲೆಕ್ಕ ನೋಡಿ. 1950ರಲ್ಲಿ ಸಂವಿಧಾನವು ಹೈಕೋರ್ಟ್ ನ್ಯಾಯಮೂರ್ತಿಗೆ ತಿಂಗಳಿಗೆ ₹3,500 ನಿಗದಿ ಮಾಡಿತು. ಅದು ₹8,000 ಆದದ್ದು 1986ರಲ್ಲಿ, 54ನೇ ತಿದ್ದುಪಡಿಯಿಂದ. ನಡುವೆ 36 ವರ್ಷ! ಬೆಲೆಯೇರಿಕೆ ವರ್ಷಕ್ಕೆ 6% ಎಂದು ಹಿಡಿದರೆ, 72ರ ನಿಯಮದಂತೆ ಹಣದ ಮೌಲ್ಯ 12 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಮೂರು ಸಲ ಅರ್ಧವಾದರೆ ಉಳಿಯುವುದು ಸುಮಾರು ₹437. ಸಂಬಳಕ್ಕೆ ಯಾರೂ ಕತ್ತರಿ ಹಾಕಲಿಲ್ಲ. ಸುಮ್ಮನೆ ಕುಳಿತದ್ದೇ ಸಾಕಾಯಿತು.

ಕೆಳ ನ್ಯಾಯಾಲಯಗಳಿಗಾದರೂ ಆಯೋಗ ಬಂತು. 1996ರ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾ. ಕೆ. ಜಗನ್ನಾಥ ಶೆಟ್ಟಿ. ನ್ಯಾ. ಪಿ. ವೆಂಕಟರಾಮ ರೆಡ್ಡಿ ಅವರ ಎರಡನೇ ಆಯೋಗ ರಚನೆಯಾದದ್ದು 2017ರಲ್ಲಿ. ಅದರ ವೇತನ ಶ್ರೇಣಿ 2016ರ ಜನವರಿ 1ರಿಂದ ಅನ್ವಯ. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದ್ದು 2022ರ ಜುಲೈನಲ್ಲಿ, ಬಾಕಿ ಕೊಡಲು ಹೇಳಿದ್ದು ಕಂತುಗಳಲ್ಲಿ. ಆರು ವರ್ಷ ತಡವಾಗಿ ಬಂದ ರೂಪಾಯಿ ಅದೇ ರೂಪಾಯಿಯಲ್ಲ ಎಂದು ಎಸ್‌ಐಪಿ ಕಟ್ಟುವ ನಿಮಗೆ ಹೇಳಬೇಕಿಲ್ಲ. ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳಿಗಂತೂ ಇಂಥ ಆಯೋಗವೇ ಇಲ್ಲ. ಸಂಸತ್ತು ಕಾನೂನು ತಿದ್ದಿದಾಗ ಏರಿಕೆ.

ರಾಜ್ಯಗಳ ಬೊಕ್ಕಸದ ಕಷ್ಟ ಸುಳ್ಳಲ್ಲ. ಜಡ್ಜ್‌ಗಳ ಸಂಬಳಕ್ಕೆ ಕೊನೆಗೆ ಜಡ್ಜ್‌ಗಳೇ ಆದೇಶ ಹೊರಡಿಸುವುದೂ ನೋಡಲು ಚೆನ್ನಾಗಿಲ್ಲ. ಕೆನಡಾ ಇದಕ್ಕೊಂದು ದಾರಿ ಕಂಡುಕೊಂಡಿದೆ. ಅಲ್ಲಿ ಫೆಡರಲ್ ನ್ಯಾಯಾಧೀಶರಿಗೆ ನಾಲ್ಕು ವರ್ಷಕ್ಕೊಮ್ಮೆ ಮೂವರ ಆಯೋಗ: ಒಬ್ಬರು ನ್ಯಾಯಾಧೀಶರ ಕಡೆಯವರು, ಒಬ್ಬರು ಸರ್ಕಾರದ ಕಡೆಯವರು, ಅವರಿಬ್ಬರೂ ಸೇರಿ ಸೂಚಿಸಿದ ಅಧ್ಯಕ್ಷರು. ಶಿಫಾರಸನ್ನು ಸರ್ಕಾರ ತಿರಸ್ಕರಿಸಬಹುದು, ಆದರೆ ಕಾರಣವನ್ನು ಬಹಿರಂಗವಾಗಿ ಕೊಡಬೇಕು. ನಡುವಿನ ವರ್ಷಗಳಲ್ಲಿ ಸಂಬಳ ಸೂಚ್ಯಂಕದ ಪ್ರಕಾರ ತಾನೇ ಏರುತ್ತದೆ.

ನಮಗೂ ಬೇಕಾದದ್ದು ಇಷ್ಟೇ: ಎಲ್ಲ ಹಂತದ ನ್ಯಾಯಾಧೀಶರಿಗೂ ಒಂದೇ ಕಾಯಂ ಆಯೋಗ, ನಿಗದಿತ ಅವಧಿ, ಉತ್ತರಿಸಲು ಸರ್ಕಾರಕ್ಕೆ ಗಡುವು. ಇಷ್ಟಾದರೆ ಜಡ್ಜ್‌ಗಳು ಸರ್ಕಾರದ ಮುಂದೆ ಕೈಚಾಚಬೇಕಿಲ್ಲ, ತೆರಿಗೆದಾರನಿಗೂ ಲೆಕ್ಕ ಸಿಗುತ್ತದೆ. ಆಸ್ತಿಗೆ ಕಾಂಪೌಂಡ್ ಹಾಕಿಸಲು ಹಣ ಕಳಿಸುವ ನಾವು, ಆ ಕಾಂಪೌಂಡನ್ನು ಕೊನೆಗೆ ಕಾಯುವ ವ್ಯವಸ್ಥೆಯ ಬಗ್ಗೆಯೂ ಯೋಚಿಸೋಣ.