ಅಕ್ಕಿ ದಡದ್ದು, ಮೀನು ದ್ವೀಪದ್ದು

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಏಳನೆಯ ಕಲಮು ದಕ್ಷಿಣ ಕನ್ನಡ ಜಿಲ್ಲೆಯನ್ನು ಹೊಸ ಮೈಸೂರು ರಾಜ್ಯಕ್ಕೆ ಸೇರಿಸುವಾಗ ಎರಡು ಭಾಗಗಳನ್ನು ಹೊರಗಿಡುತ್ತದೆ. ಒಂದು ಕಾಸರಗೋಡು ತಾಲೂಕು, ಇನ್ನೊಂದು ಅಮಿನ್‌ದಿವಿ ದ್ವೀಪಗಳು. ಮೊದಲನೆಯದರ ಕುರಿತು ಈ ಪತ್ರಿಕೆಯ ಓದುಗರಿಗೆ ಹೊಸತಾಗಿ ಹೇಳಬೇಕಾದುದೇನೂ ಇಲ್ಲ. ಎರಡನೆಯದನ್ನು ನಾವು ಬಹುಮಟ್ಟಿಗೆ ಮರೆತೇಬಿಟ್ಟಿದ್ದೇವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಈ ದ್ವೀಪಗಳು 1787ರಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದಿಂದ ಟಿಪ್ಪುವಿನ ಕೈಸೇರಿದವು. 1799ರಲ್ಲಿ ಅವನ ಪತನದ ನಂತರ ಕಂಪನಿಯ ವಶವಾಗಿ, ಮಂಗಳೂರಿನ ಕಲೆಕ್ಟರರ ಅಧೀನದಲ್ಲಿ ಒಂದೂವರೆ ಶತಮಾನ ಕಳೆದವು. ನಾವು ಕೇರಳಕ್ಕೆ ಸೇರಿದ ನವೆಂಬರ್ 1ರಂದೇ ಅವು ಕೇಂದ್ರಾಡಳಿತಕ್ಕೆ ಸೇರಿದವು. ಒಂದೇ ಜಿಲ್ಲೆಯ ಹಳೆಯ ನೆರೆಹೊರೆಯವರಾದ ಅವರು ಏನು ಉಣ್ಣುತ್ತಾರೆ ಎಂಬುದನ್ನು ಈ ವಾರ ನೋಡೋಣ.

ಇಂದಿನ ಲಕ್ಷದ್ವೀಪದಲ್ಲಿ ಜನವಸತಿಯಿರುವ ದ್ವೀಪಗಳು ಹತ್ತು. ಒಟ್ಟು ನೆಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64,473. ಹವಳದ ಪುಡಿಯೇ ಮಣ್ಣಾಗಿರುವ ಆ ನೆಲದಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಆದ್ದರಿಂದ ಅನ್ನ ಎಂದಿಗೂ ದಡದಿಂದಲೇ ಹೋಗಬೇಕು. ತೆಂಗಿನ ಸಿಪ್ಪೆಯನ್ನು ಕೊಳೆಸಿ, ಬಡಿದು, ಹೆಂಗಸರು ಹೊಸೆದ ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿ ಹೇರಿಕೊಂಡು ಮರಳುವುದು ಅಮಿನ್‌ದಿವಿಯವರ ವಾಡಿಕೆಯಾಗಿತ್ತು. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿದ್ದುದರಿಂದ ಬೆಲೆ ಕಟ್ಟುವವರೂ ದಡದವರೇ. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಅಕ್ಕಿಯ ದಾರಿಯೂ ಮುಚ್ಚಿತು. ದ್ವೀಪದ ಅಡುಗೆಯಲ್ಲಿ ಕೆಡದಂತೆ ಇಡುವ ವಿದ್ಯೆಗೆ ಇಷ್ಟೊಂದು ಮಹತ್ವ ಬಂದುದು ಈ ಕಾರಣಕ್ಕೆ.

ಆ ವಿದ್ಯೆಯ ಶಿಖರವೆಂದರೆ ಮಾಸ್, ಅಥವಾ ಮಾಸ್ಮೀನ್. ನಮ್ಮ ಮೀನು ಮಾರುಕಟ್ಟೆಯಲ್ಲಿ ಚೂರ ಎಂದು ಕರೆಯುವ ಟ್ಯೂನಾ ಜಾತಿಯ ಮೀನೇ ಅದಕ್ಕೆ ಮೂಲ. ಬಲೆ ಬೀಸಿ ಹಿಡಿಯುವುದಲ್ಲ. ಹವಳದ ದಿಬ್ಬದೊಳಗಿನ ತಿಳಿನೀರಿನಲ್ಲಿ ಹಿಡಿದ ಸಣ್ಣ ಜೀವಂತ ಮೀನುಗಳನ್ನು ಕಡಲಿಗೆ ಎರಚಿ, ಮೇಲೆ ಬಂದ ಚೂರವನ್ನು ಉದ್ದನೆಯ ಗಾಳದಿಂದ ಒಂದೊಂದಾಗಿ ಎತ್ತಿಹಾಕುತ್ತಾರೆ. ತಲೆ, ಕರುಳು, ಮುಳ್ಳು ತೆಗೆದು ಉದ್ದುದ್ದ ಸೀಳುಗಳಾಗಿಸಿ ಉಪ್ಪುನೀರಿನಲ್ಲಿ ಬೇಯಿಸುತ್ತಾರೆ. ಅನಂತರ ತೆಂಗಿನ ಸಿಪ್ಪೆಯ ಹೊಗೆ, ಆಮೇಲೆ ದಿನಗಟ್ಟಲೆ ಬಿಸಿಲು. ಕೊನೆಗೆ ಉಳಿಯುವುದು ಕಂದುಬಣ್ಣದ, ಮರದ ಕೊರಡಿನಂಥ ತುಂಡು. ಜಪಾನಿನವರು ಸಾರಿಗೆ ಹೆರೆದು ಹಾಕುವ ಕತ್ಸುಒಬುಶಿಯೂ ಇದೇ ಮೀನಿನದು, ಹೆಚ್ಚುಕಡಮೆ ಇದೇ ಕ್ರಮದ್ದು. ಅದಕ್ಕೆ ಜಗತ್ತಿನಾದ್ಯಂತ ಹೆಸರಿದೆ. ನಮ್ಮ ಮಗ್ಗುಲಲ್ಲೇ ಸಿದ್ಧವಾಗುವ ಮಾಸ್ ಅನ್ನು ಮಂಗಳೂರಿನಲ್ಲಿಯೇ ಕೇಳುವವರು ಕಡಮೆ.

ಲಕ್ಷದ್ವೀಪವು ಕೇರಳ ಉಚ್ಚ ನ್ಯಾಯಾಲಯದ ಅಧಿಕಾರವ್ಯಾಪ್ತಿಯಲ್ಲಿರುವುದರಿಂದ ಎರ್ನಾಕುಳಂನಲ್ಲಿ ದ್ವೀಪದ ವಕೀಲ ಮಿತ್ರರು ಸಿಗುತ್ತಾರೆ. ಅಂಥವರೊಬ್ಬರ ಮನೆಯಲ್ಲಿ ನಾನು ಮಾಸ್ ಪೊಡಿಚ್ಚದು ಉಂಡೆ. ಮಾಸ್ಮೀನನ್ನು ಕುಟ್ಟಿ, ತೆಂಗಿನ ತುರಿ, ಅರಸಿನ, ಚಿಕ್ಕ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿ ಬಾಡಿಸಿದ ಪುಡಿಯಂಥ ಪಲ್ಯ ಅದು. ಬಿಸಿ ಅನ್ನದ ಮೇಲೆ ಒಂದು ಹಿಡಿ ಸಾಕು. ಹೊಗೆಯ ವಾಸನೆ ಮೊದಲು ಬರುತ್ತದೆ, ರುಚಿ ನಿಧಾನವಾಗಿ ಹಿಂಬಾಲಿಸುತ್ತದೆ. ದ್ವೀಪದ ಅಡುಗೆಗಳಲ್ಲಿ ಒಂದನ್ನೇ ಸವಿಯುವ ಅವಕಾಶವಿದ್ದರೆ ಇದನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ.

ದಕ್ಷಿಣದ ಮಿನಿಕಾಯ್ ಬೇರೆಯೇ ಲೋಕ. ಉಳಿದೆಡೆ ಮಲಯಾಳದ ಪ್ರಭೇದವಾದ ಜೆಸರಿ ನುಡಿಯಿದ್ದರೆ ಅಲ್ಲಿ ಮಾಲ್ಡೀವ್ಸ್‌ನ ದಿವೇಹಿಗೆ ಸೇರಿದ ಮಹಲ್. ಮೀನು ಬೇಯಿಸಿದ ನೀರನ್ನು ಅಲ್ಲಿ ಚೆಲ್ಲುವುದಿಲ್ಲ. ತಿಳಿಯಾಗಿದ್ದರೆ ಅದು ಗರುದಿಯ ಎಂಬ ಸಾರು. ಗಂಟೆಗಟ್ಟಲೆ ಕುದಿಸಿ ಬತ್ತಿಸಿದರೆ ರಿಹಾಕುರು ಎಂಬ ಗಟ್ಟಿ ಕಪ್ಪು ಗೊಜ್ಜು. ಬೆರಳ ತುದಿಯಷ್ಟು ರಿಹಾಕುರು ಒಂದು ತಟ್ಟೆ ಅನ್ನಕ್ಕೆ ಸಾಕಾಗುತ್ತದೆ. ನೀರು ಇಳಿದಾಗ ಹವಳದ ಸಂದುಗಳಲ್ಲಿ ಹಿಡಿಯುವ ಆಕ್ಟೋಪಸ್ಸನ್ನು ದ್ವೀಪದವರು ಅಪ್ಪಲ್ ಎನ್ನುತ್ತಾರೆ. ಹುರಿದರೆ ರುಚಿಯಂತೆ, ನನಗೆ ಅದರ ರೂಪವೇ ಅಡ್ಡ ಬಂದಿತು.

ಮೀನು ಮುಟ್ಟದ ಓದುಗರು ನಮ್ಮಲ್ಲಿ ಅನೇಕರು. ಅವರು ಪುಟ ತಿರುಗಿಸಬೇಕಾಗಿಲ್ಲ. ಕಿಲಾಂಜಿ ಎಂಬ ಮದುವೆಮನೆಯ ತಿಂಡಿ ಅಕ್ಕಿಹಿಟ್ಟಿಗೆ ಮೊಟ್ಟೆ ಸೇರಿಸಿ ಹೊಯ್ದ ಬಟ್ಟೆಯಂಥ ತೆಳು ದೋಸೆ. ಅದಕ್ಕೆ ಜೊತೆ ತೆಂಗಿನಹಾಲು, ಬಾಳೆಹಣ್ಣು, ಬೆಲ್ಲದ ದ್ರವ. ಮೊಟ್ಟೆಯನ್ನು ಬಿಟ್ಟರೆ ಇದು ನಮ್ಮ ನೀರುದೋಸೆ, ಬಾಳೆಹಣ್ಣಿನ ರಸಾಯನವಲ್ಲದೆ ಮತ್ತೇನು? ಬೆಲ್ಲ ಮಾತ್ರ ಕಬ್ಬಿನದಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಸಿದ ಮೀರ ಎಂಬ ಸಿಹಿರಸವನ್ನು ಹುಳಿಯುವ ಮೊದಲೇ ಕಾಯಿಸಿ ಮಾಡಿದ್ದು. ದ್ವೀಪದಲ್ಲಿ ಪಾನನಿಷೇಧವಿರುವುದರಿಂದ ಈ ಅವಸರಕ್ಕೆ ಕಾನೂನಿನ ಬೆಂಬಲವೂ ಇದೆ! ಹುಳಿಯಲು ಬಿಟ್ಟದ್ದು ಸುರ್ಕ, ಅಂದರೆ ವಿನೆಗರ್ ಆಗುತ್ತದೆ. ತೆಂಗಿನ ತುರಿಯನ್ನು ಅದೇ ಬೆಲ್ಲದಲ್ಲಿ ಕಾಯಿಸಿದ ಹಲ್ವವನ್ನು ಒಣ ಎಲೆಯಲ್ಲಿ ಸುತ್ತಿ ಇಡುತ್ತಾರೆ. ಹಿತ್ತಿಲಲ್ಲಿ ಜೀಗುಜ್ಜೆಯ ಮರವೂ ಇದೆ. ಜೀಗುಜ್ಜೆಗೆ ಕನ್ನಡದಲ್ಲಿ ದೀವಿಹಲಸು ಎಂಬ ಹೆಸರೂ ಉಂಟು, ದೀವಿಯೆಂದರೆ ದ್ವೀಪವೇ.

ಈ ಊಟ ಇತ್ತೀಚೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2021ರಲ್ಲಿ ದ್ವೀಪದ ಆಡಳಿತವು ಶಾಲೆಯ ಮಧ್ಯಾಹ್ನದೂಟದಿಂದ ಕೋಳಿ ಮತ್ತು ಮಾಂಸವನ್ನು ಕೈಬಿಟ್ಟಿತು. ಮೀನು, ಮೊಟ್ಟೆ ಉಳಿದವು. ಮಾಂಸವನ್ನು ಮನೆಯಲ್ಲಿ ಹೇಗೂ ಉಣ್ಣುತ್ತಾರೆ, ಕೊರತೆಯಿರುವುದು ಹಣ್ಣಿಗೆ ಎಂಬುದು ಆಡಳಿತದ ವಾದ. ಉಚ್ಚ ನ್ಯಾಯಾಲಯ ಮೊದಲು ತಡೆ ಕೊಟ್ಟಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅರ್ಜಿಯನ್ನು ವಜಾಮಾಡಿತು. ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಮಧ್ಯಂತರ ಪರಿಹಾರ ನೀಡಿ, 2023ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯನ್ನು ತಳ್ಳಿಹಾಕಿತು. ಒಂದು ಪ್ರದೇಶದ ಮಕ್ಕಳು ಏನನ್ನು ತಿನ್ನಬೇಕೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸವಲ್ಲ, ಅದು ಆಡಳಿತದ ನೀತಿ ಎಂಬುದು ತೀರ್ಪಿನ ತಿರುಳು.

ವಕೀಲನಾಗಿ ನನಗೆ ಈ ತರ್ಕದಲ್ಲಿ ದೋಷ ಕಾಣುವುದಿಲ್ಲ. ನ್ಯಾಯಾಧೀಶರ ಕೈಗೆ ಸೌಟು ಕೊಡುವುದು ಸರಿಯಲ್ಲ. ಆದರೆ ನೀತಿಯೆಂದರೆ ಯಾರ ನೀತಿ? ಲಕ್ಷದ್ವೀಪಕ್ಕೆ ವಿಧಾನಸಭೆಯಿಲ್ಲ. ಲೋಕಸಭೆಯಲ್ಲಿ ಒಂದು ಸ್ಥಾನವಿದೆ. ಉಳಿದಂತೆ ಸಂವಿಧಾನದ 239 ಮತ್ತು 240ನೆಯ ವಿಧಿಗಳಂತೆ ಕೇಂದ್ರವು ನೇಮಿಸಿದ ಆಡಳಿತಾಧಿಕಾರಿ ಹಾಗೂ ರಾಷ್ಟ್ರಪತಿಗಳ ಹೆಸರಿನ ನಿಯಮಗಳು. ಬೇರೆಡೆ ಶಾಲೆಯ ಊಟ ಬದಲಾದರೆ ಶಾಸಕನನ್ನು ಅಡ್ಡಗಟ್ಟಿ ಕೇಳಬಹುದು. ಅಮಿನಿಯ ತಾಯಿಗೆ ಆ ದಾರಿಯಿಲ್ಲ. ಹುರಿಗೆ ಬೆಲೆ ಕಟ್ಟುವವರು ದಡದಲ್ಲಿದ್ದ ಕಾಲ ಹೋಗಿದೆ, ತಟ್ಟೆಗೆ ಬಡಿಸುವುದನ್ನು ಗೊತ್ತುಮಾಡುವವರು ಮಾತ್ರ ಇನ್ನೂ ದಡದಿಂದಲೇ ಬರುತ್ತಾರೆ.

ಅಲ್ಲಿಗೇ ಹೋಗಿ ಉಣ್ಣಬೇಕೆನ್ನುವವರು 1967ರ ಪ್ರವೇಶ ಮತ್ತು ವಾಸ್ತವ್ಯ ನಿರ್ಬಂಧ ನಿಯಮಗಳಂತೆ ಮುಂಚಿತವಾಗಿ ಅನುಮತಿಪತ್ರ ಪಡೆಯಬೇಕು, ಭಾರತೀಯರಿಗೂ ವಿನಾಯಿತಿಯಿಲ್ಲ. ಅಷ್ಟು ದೂರ ಬೇಡವೆನ್ನುವವರಿಗೆ ಮಂಗಳೂರಿನ ಹಳೆ ಬಂದರು ಇದೆ. ತರಕಾರಿ, ಸಿಮೆಂಟು ಹೇರಿಕೊಳ್ಳುವ ದ್ವೀಪದ ನಾವೆಗಳು ಇಂದಿಗೂ ಅಲ್ಲಿಗೆ ಬರುತ್ತವೆ, ಆ ಸುತ್ತಿನಲ್ಲಿ ಮಾಸ್ ಬಗ್ಗೆ ವಿಚಾರಿಸಬಹುದು. ಕೊಳ್ಳುವಾಗ ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ ನೋಡಿ. ಕಟ್ಟಿಗೆಯ ಸದ್ದು ಬಂದರೆ ಚೆನ್ನಾಗಿ ಒಣಗಿದೆ ಎಂದರ್ಥ. ಮೆತ್ತಗಿದ್ದರೆ ಬೂಷ್ಟು ಹಿಡಿದೀತು, ಬಿಟ್ಟುಬಿಡಿ.